ತಾಪನ ಎಲಿಮೆಂಟ್: ಬದಲಾವಣೆ ಮತ್ತು ಸುರಕ್ಷತೆಯ ಚರಿತ್ರೆ

ವಿದ್ಯುತ್ ಹರಿವಿಗೆ ತಡೆಯೊಡ್ಡಿ ಅದನ್ನು ಶಾಖವಾಗಿ ಮಾರ್ಪಡಿಸುವ ತಂತಿ, ಪಟ್ಟಿ ಅಥವಾ ದಂಡವೇ ತಾಪನ ಎಲಿಮೆಂಟ್. ಕನ್ನಡನಾಡಿನ ಅಂಗಡಿ ಬೀದಿಗಳಲ್ಲಿ ಇದಕ್ಕೆ ‘ಕಾಯಿಲ್’ ಎಂದೇ ಹೆಸರು. ಇಸ್ತ್ರಿಪೆಟ್ಟಿಗೆ, ಹಾಟ್‌ಪ್ಲೇಟ್, ಟೋಸ್ಟರ್, ಗೀಸರ್, ನೀರು ಕಾಯಿಸುವ ರಾಡ್ ಎಲ್ಲದರ ಒಳಗೂ ಕೆಲಸ ಮಾಡುವುದು ಇದೇ. ಸಾಮಾನ್ಯವಾಗಿ ಮೊದಲು ಕೆಡುವುದೂ ಇದೇ. ಪ್ರಚಲಿತ ಬರಹಗಳು ತಂತಿಯನ್ನು ಯಾರು ಕಂಡುಹಿಡಿದರು ಎಂಬಲ್ಲಿಗೆ ನಿಲ್ಲುತ್ತವೆ. ಸುಟ್ಟ ಎಲಿಮೆಂಟನ್ನು ಜನ ಹೇಗೆ ಬದಲಿಸುತ್ತ ಬಂದರು, ಆ ಕೆಲಸ ಯಾವಾಗ ಅಪಾಯಕರವಾಗಿತ್ತು, ಯಾವುದರಿಂದ ಸುರಕ್ಷಿತವಾಯಿತು ಎಂಬುದು ಅವುಗಳಲ್ಲಿ ಬಿಟ್ಟುಹೋಗಿರುವುದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡಲಾಗಿದೆ.

ಆರಂಭದ ಕಥೆ ಚಿಕ್ಕದು. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ಸುಮಾರಿಗೆ ತೋರಿಸಿದ. ರಷ್ಯಾದ ಹೈನ್ರಿಕ್ ಲೆನ್ಜ್ ಸ್ವತಂತ್ರವಾಗಿ ಅದೇ ನಿಯಮಕ್ಕೆ ಬಂದ. 1882ರಲ್ಲಿ ನ್ಯೂಯಾರ್ಕಿನ ಹೆನ್ರಿ ಸೀಲಿ ವಿದ್ಯುತ್ ಇಸ್ತ್ರಿಪೆಟ್ಟಿಗೆಗೆ ಪೇಟೆಂಟ್ ಪಡೆದ. 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲಿ ವಿದ್ಯುತ್ ಅಡುಗೆಮನೆಯನ್ನು ಕಂಡು ಜನ ಬೆರಗಾದರು. ಆದರೆ ಆ ಉಪಕರಣಗಳಿಗೆ ಆಯುಸ್ಸಿರಲಿಲ್ಲ. ಕಬ್ಬಿಣದ ತಂತಿ ಕೆಂಪಗೆ ಕಾದಾಗ ಗಾಳಿಯಲ್ಲಿ ತುಕ್ಕಾಗಿ ಉದುರುತ್ತಿತ್ತು. ತಾಳುವ ಶಕ್ತಿಯಿದ್ದ ಪ್ಲಾಟಿನಂ ಮನೆಬಳಕೆಗೆ ಎಟುಕುವ ಬೆಲೆಯದಲ್ಲ.

ಈ ಅವಧಿಯ ಬಗ್ಗೆ ಓದುಗರು ಎಚ್ಚರದಿಂದಿರಬೇಕಾದ ಒಂದು ಸಂಗತಿಯಿದೆ. 1893ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಯೊಬ್ಬ ಎಡಿನ್‌ಬರೋದಲ್ಲಿ ಮೊದಲ ವಿದ್ಯುತ್ ಟೋಸ್ಟರ್ ಮಾಡಿದ ಎಂಬ ಕಥೆ ವಿಕಿಪೀಡಿಯಾದ ಮೂಲಕ ಸುಮಾರು ಹತ್ತು ವರ್ಷ ಹರಿದಾಡಿ ಪುಸ್ತಕ, ಪತ್ರಿಕೆಗಳಲ್ಲೂ ಸೇರಿಕೊಂಡಿತು. ಅದು ತಮಾಷೆಗೆ ಕಟ್ಟಿದ ಕಥೆ, ಅಂಥ ವಿಜ್ಞಾನಿ ಇರಲೇ ಇಲ್ಲ ಎಂಬುದು 2022ರಲ್ಲಿ ಬಯಲಾಯಿತು. ಆ ಕಥೆಯನ್ನು ನಂಬಿ ಬರೆದ ಲೇಖನಗಳು ಈಗಲೂ ಓದಲು ಸಿಗುತ್ತವೆ. ಬ್ರಿಟನ್ನಿನಲ್ಲಿ 1890ರ ದಶಕದಲ್ಲಿ ವಿದ್ಯುತ್ ತಾಪನ ಉಪಕರಣಗಳನ್ನು ತಯಾರಿಸಿ ಮಾರಿದ್ದು ಕ್ರಾಂಪ್ಟನ್ ಕಂಪನಿ ಎಂಬುದಕ್ಕೆ ಮಾತ್ರ ಗಟ್ಟಿ ದಾಖಲೆಯಿದೆ.

ಅಸಲಿ ತಿರುವು ಬಂದದ್ದು ಅಮೆರಿಕದ ಲೋಹತಜ್ಞ ಆಲ್ಬರ್ಟ್ ಮಾರ್ಷ್‌ನಿಂದ. ನಿಕಲ್ ಸುಮಾರು 80 ಭಾಗ, ಕ್ರೋಮಿಯಂ 20 ಭಾಗ ಬೆರೆತ ಮಿಶ್ರಲೋಹದ ತಂತಿ ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುಪದರವನ್ನು ಕಟ್ಟಿಕೊಳ್ಳುತ್ತದೆ. ಆ ಪದರ ಒಳಗಿನ ಲೋಹಕ್ಕೆ ಗಾಳಿ ತಾಕದಂತೆ ತಡೆಯುತ್ತದೆ. ಇದೇ ನಿಕ್ರೋಮ್. ಇದರ ವರ್ಷವನ್ನು ಕೆಲವರು 1905 ಎನ್ನುತ್ತಾರೆ, ಕೆಲವರು 1906 ಎನ್ನುತ್ತಾರೆ. ಎರಡಕ್ಕೂ ಆಧಾರವಿದೆ: ಮಾರ್ಷ್ ಮಿಶ್ರಲೋಹವನ್ನು ಸಿದ್ಧಪಡಿಸಿದ್ದು 1905ರಲ್ಲಿ, ಪೇಟೆಂಟ್ ಕೈಗೆ ಬಂದದ್ದು 1906ರ ಫೆಬ್ರವರಿ 6ರಂದು. ಜನರಲ್ ಎಲೆಕ್ಟ್ರಿಕ್ ಕಂಪನಿ ಈ ಪೇಟೆಂಟಿನ ಸಿಂಧುತ್ವವನ್ನು ಪ್ರಶ್ನಿಸಿತು. 1915ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾರ್ಷ್ ಪರವಾದ ತೀರ್ಪನ್ನೇ ಎತ್ತಿಹಿಡಿಯಿತು. ಸ್ವೀಡನ್ನಿನ ಹನ್ಸ್ ಫಾನ್ ಕಾಂಟ್ಜೋ 1920ರ ದಶಕದಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ರೂಪಿಸಿದ ಕಾಂತಾಲ್ ಇನ್ನೂ ಹೆಚ್ಚಿನ ಉಷ್ಣತೆಯನ್ನು ತಾಳಿತು.

ನಿಕ್ರೋಮ್ ಬಂದ ಮೇಲೆ ಕೆಟ್ಟ ಎಲಿಮೆಂಟನ್ನು ಬದಲಿಸುವುದು ಮನೆಯವರೇ ಮಾಡಬಹುದಾದ ಕೆಲಸವಾಯಿತು. ಇಸ್ತ್ರಿಪೆಟ್ಟಿಗೆಯಲ್ಲಿ ಚಪ್ಪಟೆ ಪಟ್ಟಿಯನ್ನು ಅಭ್ರಕದ ಹಾಳೆಗೆ ಸುತ್ತಿ, ಮೇಲೆ ಕೆಳಗೆ ಇನ್ನೆರಡು ಹಾಳೆ ಇಟ್ಟು ಬಿಗಿಯುತ್ತಿದ್ದರು. ಈ ಅಭ್ರಕದ ದೊಡ್ಡ ಪಾಲು ಜಗತ್ತಿಗೆ ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಈಗಿನ ಜಾರ್ಖಂಡಿನ ಕೊಡರ್ಮಾ ಸೀಮೆಯಿಂದ. ಹಾಟ್‌ಪ್ಲೇಟಿನಲ್ಲಿ ಸುಟ್ಟ ಜೇಡಿಮಣ್ಣಿನ ತಟ್ಟೆ, ಅದರ ತೋಡಿನಲ್ಲಿ ಸ್ಪ್ರಿಂಗಿನಂತೆ ಕೂತ ಬರಿಯ ಕಾಯಿಲ್. ಕಾಯಿಲ್ ತುಂಡಾದರೆ ಎಲೆಕ್ಟ್ರಿಕಲ್ ಅಂಗಡಿಯಿಂದ ಹೊಸದನ್ನು ತಂದು, ಸಮನಾಗಿ ಎಳೆದು, ತೋಡಿಗೆ ಕೂರಿಸಿ, ಎರಡು ತುದಿಗಳನ್ನು ಟರ್ಮಿನಲ್‌ಗೆ ಕಟ್ಟಿದರೆ ಕೆಲಸ ಮುಗಿಯುತ್ತಿತ್ತು. ಹಳೆಯ ಕೆಲವು ಉಪಕರಣಗಳ ಶಾಖನಿರೋಧಕ ಹಾಳೆಯಲ್ಲೂ ಇಸ್ತ್ರಿಪೆಟ್ಟಿಗೆಯ ವೈರಿನಲ್ಲೂ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ ಎಂಬ ಅರಿವು ಮನೆಗಳಿಗೆ ಬಹಳ ತಡವಾಗಿ ತಲುಪಿತು. ಅಂಥ ಹಳೆಯ ಪೆಟ್ಟಿಗೆಯನ್ನು ಇಂದು ಬಿಚ್ಚದಿರುವುದೇ ಸರಿ.

ಸುಲಭದ ಜೊತೆಗೇ ಅಪಾಯವೂ ಬಂತು. ತುಂಡಾದ ಕಾಯಿಲಿನ ಎರಡು ತುದಿಗಳನ್ನು ತಿರುಚಿ ಮತ್ತೆ ಬಳಸುವ ರೂಢಿ ಇದರಲ್ಲಿ ಮುಖ್ಯ. 230 ವೋಲ್ಟಿನಲ್ಲಿ 1000 ವಾಟ್ ಕೊಡುವ ಕಾಯಿಲಿನ ರೋಧ ಸುಮಾರು 53 ಓಮ್. ಜೋಡಿಸುವಾಗ ಅದರ ಹತ್ತನೇ ಒಂದು ಭಾಗ ಕಳೆದುಹೋದರೆ ರೋಧ 48 ಓಮ್‌ಗಿಂತ ಕೆಳಗಿಳಿಯುತ್ತದೆ, ಶಕ್ತಿ 1100 ವಾಟ್ ದಾಟುತ್ತದೆ. ತಂತಿ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಮೊದಲಿಗಿಂತ ಬೇಗ ತುಂಡಾಗುತ್ತದೆ. ತಿರುಚಿದ ಜಾಗದಲ್ಲಿ ಸಂಪರ್ಕ ಸಡಿಲವಾಗಿ ಕಿಡಿ ಹಾರುತ್ತದೆ. ಬೆಸುಗೆ ಹಾಕೋಣವೆಂದರೆ ಸಾಮಾನ್ಯ ತವರ-ಸೀಸದ ಬೆಸುಗೆ 200 ಡಿಗ್ರಿ ಸೆಲ್ಸಿಯಸ್ಸಿಗೂ ಮುಂಚೆ ಕರಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಸ್ವಿಚ್ಚಿನದು. ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಹಾಕಿದ್ದರೆ ಸ್ವಿಚ್ ಆರಿಸಿದಾಗಲೂ ಕಾಯಿಲಿನಲ್ಲಿ 230 ವೋಲ್ಟ್ ನಿಂತಿರುತ್ತದೆ. ಕಾಯಿಲ್ ತಣ್ಣಗಿದೆ, ಸ್ವಿಚ್ ಆರಿದೆ ಎಂದು ಕೈಹಾಕಿದವರಿಗೆ ಶಾಕ್ ಹೊಡೆಯುವುದು ಹೀಗೆ. ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಂಡೇ ಕೆಲಸ ಶುರು ಮಾಡಬೇಕೆಂಬ ನಿಯಮಕ್ಕೆ ಕಾರಣ ಇದೇ.

ನೀರಿನ ವಿಷಯದಲ್ಲಿ ಬರಿಯ ತಂತಿ ನಡೆಯುವಂತಿರಲಿಲ್ಲ. ಮೊದಲ ಕೆಟಲ್‌ಗಳಲ್ಲಿ ಎಲಿಮೆಂಟ್ ಪಾತ್ರೆಯ ಅಡಿಯ ಬೇರೆ ಕೋಣೆಯಲ್ಲಿತ್ತು. ಶಾಖದ ಸಾಕಷ್ಟು ಪಾಲು ನೀರಿಗೆ ತಲುಪದೆ ಪೋಲಾಗುತ್ತಿತ್ತು. 1922ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ಪಿಟ್ ಕಂಪನಿಗೆ ಲೆಸ್ಲಿ ಲಾರ್ಜ್ ಲೋಹದ ಕೊಳವೆಯೊಳಗೆ ತಂತಿಯಿಟ್ಟು ನೀರಿನಲ್ಲೇ ಮುಳುಗಿಸುವ ಎಲಿಮೆಂಟ್ ಮಾಡಿಕೊಟ್ಟ. ಅದೇ ಕಾಲಕ್ಕೆ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್‌ನ ಚಾರ್ಲ್ಸ್ ಅಬಟ್ ಮತ್ತು ನಾರ್ವೆಯ ಕ್ರಿಶ್ಚಿಯನ್ ಬಾಕರ್ ಬೇರೆ ಬೇರೆ ವಿಧಾನಗಳಿಂದ ಕವಚದ ಎಲಿಮೆಂಟನ್ನು ರೂಪಿಸಿದರು. ಯಾವ ದೇಶದ ಪುಸ್ತಕ ಓದುತ್ತೇವೆಯೋ ಆ ದೇಶದವರಿಗೆ ಶ್ರೇಯಸ್ಸು ಸಂದಿರುವುದು ಕಾಣುತ್ತದೆ. ಇಂದಿನ ಗೀಸರ್ ಎಲಿಮೆಂಟಿನಲ್ಲಿ ಸುರುಳಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿ, ಹೊರಗಿನ ಕೊಳವೆಯನ್ನು ಅದುಮಿ ಬಿಗಿ ಮಾಡಿರುತ್ತಾರೆ. ಈ ಪುಡಿ ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಕವಚದ ಎಲಿಮೆಂಟನ್ನು ಬಿಚ್ಚಿ ದುರಸ್ತಿ ಮಾಡಲಾಗದು, ಇಡಿಯಾಗಿಯೇ ಬದಲಿಸಬೇಕು. ಜೋಡಿಸಿ ಬಳಸುವ ರೂಢಿಗೆ ಕೊನೆ ಹಾಡಿದ ಬದಲಾವಣೆ ಇದು. ನಿಕ್ರೋಮಿನಷ್ಟೇ ಮಹತ್ವದ ತಿರುವು ಎಂದು ಎಣಿಸಬೇಕು.

ಕರ್ನಾಟಕದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಬಚ್ಚಲುಮನೆಯ ಹಂಡೆಗೆ ಆಗಲೂ ಸೌದೆಯೇ ಗತಿ. ಮನೆಗಳಿಗೆ ಕಾಯಿಲ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 1964ರಲ್ಲಿ ಶರಾವತಿ ವಿದ್ಯುತ್ ಉತ್ಪಾದನೆ ಆರಂಭವಾದ ನಂತರದ ದಶಕಗಳಲ್ಲಿ. ದೀಪ, ಫ್ಯಾನಿಗೆ ಒಂದು ಮೀಟರ್, ಕಾಯಿಸುವ ಉಪಕರಣಗಳಿಗೆ ಇನ್ನೊಂದು ಎಂಬ ಪದ್ಧತಿಯೂ ದರಪಟ್ಟಿಯ ‘ಎ.ಇ.ಎಚ್.’ (ಆಲ್ ಎಲೆಕ್ಟ್ರಿಕ್ ಹೋಮ್) ಎಂಬ ವರ್ಗವೂ ಆ ಕಾಲದ ಗುರುತುಗಳು. ಈಚೆಗೆ ಬೋರ್‌ವೆಲ್‌ನ ಗಡಸು ನೀರು ಇಲ್ಲಿ ಎಲಿಮೆಂಟಿನ ದೊಡ್ಡ ಶತ್ರು. ಕವಚದ ಮೇಲೆ ಸುಣ್ಣದ ಪದರ ಕಟ್ಟಿ ಶಾಖ ನೀರಿಗೆ ದಾಟುವುದಿಲ್ಲ. ಒಳಗೇ ಕಾದು ಕವಚ ಸೀಳುತ್ತದೆ, ನೀರಿಗೆ ವಿದ್ಯುತ್ ಸೋರುತ್ತದೆ.

ಈ ಸೋರಿಕೆಯನ್ನು ಫ್ಯೂಸ್ ತಡೆಯದು ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಫ್ಯೂಸ್ ಕರಗಲು ಹಲವು ಆಂಪಿಯರ್ ಹರಿಯಬೇಕು. ಮನುಷ್ಯನ ವಿಷಯದಲ್ಲಿ ಲೆಕ್ಕ ಮಿಲಿಆಂಪಿಯರಿನದು. ಹಿಡಿದ ತಂತಿಯನ್ನು ಸ್ವಂತ ಶಕ್ತಿಯಿಂದ ಬಿಡಬಲ್ಲ ಮಿತಿ ಪುರುಷರಲ್ಲಿ ಸರಾಸರಿ 16, ಸ್ತ್ರೀಯರಲ್ಲಿ 10.5 ಮಿಲಿಆಂಪಿಯರ್ ಎಂದು ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಪ್ರಯೋಗಗಳಿಂದ ಕಂಡುಕೊಂಡ. ಸೋರಿಕೆಯನ್ನು ಗುರುತಿಸಿ ಕ್ಷಣಾರ್ಧದಲ್ಲಿ ವಿದ್ಯುತ್ ಕಡಿಯುವ ಸಾಧನವನ್ನು (ಇಂದಿನ ಆರ್.ಸಿ.ಸಿ.ಬಿ.) ಕಂಡುಹಿಡಿದವರು ಯಾರು ಎಂಬಲ್ಲಿ ಮೂಲಗಳು ಒಮ್ಮತಕ್ಕೆ ಬರುವುದಿಲ್ಲ. ಅಮೆರಿಕದ ಬರಹಗಳು 1961ರ ಡಾಲ್ಜೀಲ್‌ನನ್ನೂ, ಆಸ್ಟ್ರಿಯಾದವು ಗಾಟ್‌ಫ್ರೀಡ್ ಬೀಗೆಲ್ಮಯರ್‌ನನ್ನೂ, ದಕ್ಷಿಣ ಆಫ್ರಿಕಾದವು 1950ರ ದಶಕದಲ್ಲಿ ಚಿನ್ನದ ಗಣಿಗಳಿಗಾಗಿ ದುಡಿದ ಹೆನ್ರಿ ರೂಬಿನ್‌ನನ್ನೂ ಹೆಸರಿಸುತ್ತವೆ. ಒಂದೇ ದಶಕದ ಆಸುಪಾಸಿನಲ್ಲಿ ಮೂರು ಖಂಡಗಳಲ್ಲಿ ನಡೆದ ಕೆಲಸ ಎಂದು ಬರೆಯುವುದೇ ದಾಖಲೆಗೆ ನ್ಯಾಯ.

ಭಾರತದಲ್ಲಿ ಕವಚದ ಎಲಿಮೆಂಟಿಗೆ ಐಎಸ್ 4159, ನೀರಿನ ರಾಡ್‌ಗೆ ಐಎಸ್ 368, ಗೀಸರಿಗೆ ಐಎಸ್ 2082 ಮಾನಕಗಳಿವೆ. 2003ರ ಗುಣಮಟ್ಟ ನಿಯಂತ್ರಣ ಆದೇಶ ಇಸ್ತ್ರಿಪೆಟ್ಟಿಗೆ, ರಾಡ್, ಗೀಸರ್ ಮುಂತಾದವಕ್ಕೆ ಐಎಸ್‌ಐ ಮುದ್ರೆಯನ್ನು ಕಡ್ಡಾಯ ಮಾಡಿತು.

ಇಂದು ಗೀಸರಿನ ಎಲಿಮೆಂಟ್ ಬದಲಿಸುವಾಗ ಪಾಲಿಸುವ ಕ್ರಮದಲ್ಲಿ ಈ ಚರಿತ್ರೆಯ ಒಂದೊಂದು ಪಾಠವೂ ಸೇರಿದೆ. ಎಂ.ಸಿ.ಬಿ. (ಸರ್ಕ್ಯೂಟ್ ಬ್ರೇಕರ್) ಇಳಿಸಿ, ಪ್ಲಗ್ ಕಿತ್ತು, ವಿದ್ಯುತ್ ಇಲ್ಲವೆಂದು ಮೀಟರಿನಿಂದ ಖಚಿತ ಮಾಡಿಕೊಳ್ಳುತ್ತಾರೆ; ಟೆಸ್ಟರಿನ ದೀಪವೊಂದನ್ನೇ ನಂಬುವುದಿಲ್ಲ. ತಣಿದ ಮೇಲೆ ನೀರು ಬಸಿದು, ಫ್ಲೇಂಜ್ ಬಿಚ್ಚಿ, ಹಳೆಯದಷ್ಟೇ ವೋಲ್ಟ್, ವಾಟ್ ಮತ್ತು ಆಕಾರದ ಎಲಿಮೆಂಟನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸುತ್ತಾರೆ. ಸವೆದ ಮೆಗ್ನೀಸಿಯಂ ಆನೋಡನ್ನೂ ಆಗಲೇ ಬದಲಿಸುವುದು ಲೇಸು. ಟರ್ಮಿನಲ್ ಬಿಗಿಯಬೇಕು, ಅರ್ಥಿಂಗ್ ತಂತಿ ಮೊದಲಿದ್ದ ಕಡೆಗೇ ಸೇರಬೇಕು. ಮೆಗ್ನೀಸಿಯಂ ಆಕ್ಸೈಡ್ ತೇವ ಹೀರುವ ಗುಣದ್ದಾದ್ದರಿಂದ ಬಹುಕಾಲ ಅಂಗಡಿಯಲ್ಲಿ ಕೂತ ಎಲಿಮೆಂಟಿನ ನಿರೋಧವನ್ನು 500 ವೋಲ್ಟಿನ ಮೆಗ್ಗರಿನಿಂದ ಅಳೆದು ನೋಡುವುದು ಬಲ್ಲವರ ಪದ್ಧತಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು. ಒಣ ಟ್ಯಾಂಕಿನಲ್ಲಿ ಹೊಸ ಎಲಿಮೆಂಟ್ ನಿಮಿಷಗಳಲ್ಲಿ ಸುಟ್ಟುಹೋಗಬಹುದು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದ, ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಮೊದಲು ಆ ಎರಡನ್ನೂ ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನಿಂದ ಸರಿಪಡಿಸಿಕೊಳ್ಳಬೇಕು, ಎಲಿಮೆಂಟಿನ ಸರದಿ ಆಮೇಲೆ.