ಅಜ್ಜಿಯ ಮೊಣಕಾಲಿನ ಅಳತೆ

ಎಳ್ಳಮಾವಾಸ್ಯೆ ಬಂತೆಂದರೆ ನಮ್ಮ ಸೊನ್ನದಲ್ಲಿ ಬೆಳಗಿನಿಂದಲೇ ಚಕ್ಕಡಿಗಳ ಸಾಲು. ಸಜ್ಜಿರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು, ಭೀಮಾ ದಂಡೆಯ ಹೊಲಕ್ಕೆ ಚರಗ ಚೆಲ್ಲಲು ಹೊರಡುತ್ತಿದ್ದೆವು. ಚಕ್ಕಡಿ ಏರುವುದು ಮಾತ್ರ ನನ್ನ ಅಜ್ಜಿಗೆ ದೊಡ್ಡ ಯುದ್ಧ. ಒಬ್ಬರು ಮೇಲಿನಿಂದ ಕೈಹಿಡಿದು ಎಳೆಯಬೇಕು, ಇನ್ನೊಬ್ಬರು ಕೆಳಗಿನಿಂದ ನೂಕಬೇಕು. ಹೊಸ ಚಕ್ಕಡಿ ಮಾಡಿಸುವಾಗ ಅಜ್ಜಿ ಬಡಿಗೇರ ಕಾಕಾನನ್ನು ಕರೆದು, “ಯಪ್ಪಾ, ಎತ್ತಿನ ಅಳತಿ ನೋಡಿದಿ, ಜ್ವಾಳದ ಚೀಲದ ಅಳತಿ ನೋಡಿದಿ. ನನ್ನ ಮೊಣಕಾಲಿನ ಅಳತಿ ಯಾರು ನೋಡಾವ್ರು?” ಎಂದಳು. ಕಾಕಾ ನಕ್ಕ. ಆದರೆ ಚಕ್ಕಡಿಯ ಜೊತೆಗೆ ಕಟ್ಟಿಗೆಯ ಒಂದು ಮೆಟ್ಟಿಲನ್ನೂ ಮಾಡಿಕೊಟ್ಟ.

ಬೆಂಗಳೂರಿಗೆ ಬಂದ ಮೇಲೆ, ನಮ್ಮ ಬೀದಿಯಲ್ಲಿ ಮೊದಲ ಸಲ ರೇವಾ ಕಾರನ್ನು ಕಂಡಾಗ ಈ ಮಾತು ನೆನಪಾಯಿತು.

ಕಾರು ಎಂದರೆ ದೊಡ್ಡದಿರಬೇಕು ಎಂಬ ಆಸೆಯನ್ನು ಲೋಕಕ್ಕೆ ಹಚ್ಚಿದವರಲ್ಲಿ ಅಮೆರಿಕದ ಹಾರ್ಲಿ ಅರ್ಲ್ ಮುಖ್ಯನು. 1927ರಿಂದ 1958ರವರೆಗೆ ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳ ಅಂದಚೆಂದ ಅವನ ಕೈಯಲ್ಲಿತ್ತು. ಅವನ ಕಾಲದಲ್ಲಿ ಕಾರುಗಳು ಉದ್ದವಾದವು, ತಗ್ಗಾದವು; 1948ರ ಕ್ಯಾಡಿಲಾಕ್ ಕಾರಿನ ಹಿಂಭಾಗಕ್ಕೆ ವಿಮಾನದಂತೆ ರೆಕ್ಕೆ ಮೂಡಿತು. 1950ರ ದಶಕದಲ್ಲಿ ಅವನು ಹೆಣ್ಣುಮಕ್ಕಳನ್ನೂ ಕೆಲಸಕ್ಕೆ ಸೇರಿಸಿಕೊಂಡ. ಆದರೆ ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಒಳಗಿನ ಸೀಟು, ಬಟ್ಟೆ, ಬಣ್ಣದ ಕೆಲಸ. ಕಾರಿನಲ್ಲೂ ನಮಗೆ ಒಳಮನೆಯೇ!

ಅದೇ ಕಂಪನಿ 1990ರಲ್ಲಿ ಫ್ಲಾರಿಡಾದಿಂದ ಮಿಷಿಗನ್‌ವರೆಗೆ ಬಿಸಿಲಿನಿಂದ ಓಡುವ ಕಾರುಗಳ ಪಂದ್ಯ ನಡೆಸಿತು. ಗೆದ್ದದ್ದು ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡ. ಅದರಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು, ಆಗಿನ್ನೂ ಇಪ್ಪತ್ತರ ಹರೆಯ. 1994ರಲ್ಲಿ ಮೈನಿ ಮನೆತನ ಅಮೆರಿಕದ ಅಮೆರಿಗಾನ್ ಕಂಪನಿಯೊಡನೆ ಕೈಜೋಡಿಸಿ ವಿದ್ಯುತ್ ಕಾರಿನ ಕೆಲಸ ಹಿಡಿಯಿತು. 2001ರಲ್ಲಿ ಕಾರು ರಸ್ತೆಗಿಳಿಯಿತು. ಅದಕ್ಕಿಟ್ಟ ಹೆಸರು ಚೇತನ್ ಅವರ ತಾಯಿಯದು: ರೇವಾ.

ಮುಂದೆ ಇಬ್ಬರು ದೊಡ್ಡವರು, ಹಿಂದೆ ಎರಡು ಮಕ್ಕಳು. ಮೈಯೆಲ್ಲ ಪ್ಲಾಸ್ಟಿಕ್ಕು. ಗೇರಿಲ್ಲ, ಕ್ಲಚ್ಚಿಲ್ಲ. ಮನೆಯ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿದರೆ ಬೆಳಗಿಗೆ ಸುಮಾರು 80 ಕಿಲೋಮೀಟರು ಓಡುತ್ತಿತ್ತು. ಶಾಲೆ, ತರಕಾರಿ, ಬ್ಯಾಂಕು, ತವರಿನವರನ್ನು ನಿಲ್ದಾಣದಿಂದ ಕರೆತರುವುದು — ನಮ್ಮ ದಿನವೆಲ್ಲ ಅಷ್ಟರೊಳಗೇ ಸುತ್ತುವುದಲ್ಲವೇ?

ನಾನು ಇಪ್ಪತ್ತು ವರ್ಷ ಸ್ಕೂಟರಿನ ಹಿಂದಿನ ಸೀಟಿನವಳು. ಒಂದು ರಾತ್ರಿ ನಮ್ಮ ಮನೆಯವರಿಗೆ ಎದೆನೋವು ಬಂತು. ಬಾಗಿಲಲ್ಲಿ ಸ್ಕೂಟರಿತ್ತು, ಓಡಿಸುವವರೇ ಮಲಗಿದ್ದರು. ಅರ್ಧ ಗಂಟೆ ಬೀದಿಯಲ್ಲಿ ನಿಂತು ಆಟೋ ಕಾದೆ. ದೇವರ ದಯೆ, ಅವರು ಉಳಿದರು. ಆ ಅರ್ಧ ಗಂಟೆ ಮಾತ್ರ ನನ್ನನ್ನು ಬಿಡಲಿಲ್ಲ. ನಲವತ್ತೈದರಲ್ಲಿ ಗೆಳತಿಯ ರೇವಾದಲ್ಲಿ ಕೂತು ಕಾರು ಕಲಿತೆ. ಗೇರಿನ ಭಯವಿಲ್ಲದ್ದರಿಂದ ಕಣ್ಣು ರಸ್ತೆಯ ಮೇಲಿತ್ತು. ಮೊದಲ ದಿನ ಒಬ್ಬಳೇ ಮಾರ್ಕೆಟ್ಟಿಗೆ ಹೋಗಿ ಬಂದಾಗ ಕೈ ನಡುಗುತ್ತಿದ್ದುದು ಹೆದರಿಕೆಗಲ್ಲ.

ರೇವಾಗೆ ಕುಂದುಗಳಿದ್ದವು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತಾದರೂ, 2007ರಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ ಅದರ ಮೈ ಗಟ್ಟಿಯಿಲ್ಲವೆಂದು ತಿಳಿಯಿತು. ಸುಮಾರು 600 ಕಿಲೋಮೀಟರು ದೂರದ ಸೊನ್ನಕ್ಕಂತೂ ಅದು ಬರುವ ಹಾಗಿರಲಿಲ್ಲ. 2011ರ ಹೊತ್ತಿಗೆ ಲೋಕದಲ್ಲೆಲ್ಲ ಮಾರಾಟವಾದದ್ದು ನಾಲ್ಕು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. 2010ರಲ್ಲೇ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರ ಕೊಂಡಿತು. ಆಮೇಲೆ ಹಳೆಯ ರೇವಾ ತಯಾರಿಕೆ ನಿಂತಿತು. ಈಗ ವಿದ್ಯುತ್ ಕಾರುಗಳು ಎಲ್ಲ ಕಡೆ ಇವೆ, ಮತ್ತೆ ದೊಡ್ಡವಾಗುತ್ತಲೂ ಇವೆ. ಆ ಪುಟ್ಟ ಕಾರನ್ನು ನೋಡಿ ನಕ್ಕವರಿಗೆ ನಾನು ಹೇಳುವುದಿಷ್ಟೆ: ಅದು ನನ್ನ ಅಳತೆಗಿತ್ತು.

ಹೋದ ಸಲ ಊರಿಗೆ ಹೋಗಿದ್ದೆ. ಅಜ್ಜಿಯೂ ಇಲ್ಲ, ಚಕ್ಕಡಿಯೂ ಇಲ್ಲ. ಮೆಟ್ಟಿಲು ಹಿತ್ತಲಲ್ಲಿದೆ. ಅದರ ಮೇಲೆ ಕೂತು ನಮ್ಮ ವೈನಿ ಪಾತ್ರೆ ತಿಕ್ಕುತ್ತಾರೆ, ಮೊಣಕಾಲು ನೋಯುವುದಿಲ್ಲವಂತೆ.