ಸೂಪರ್‌ಗರ್ಲ್‌ಗಾಗಿ ಅತ್ತವರು ಯಾರು?

1985ರ ಅಕ್ಟೋಬರ್ ತಿಂಗಳ ಹೆಸರು ಹೊತ್ತು ಬಂದ ಒಂದು ಅಮೆರಿಕನ್ ಕಾಮಿಕ್ಸ್ ಸಂಚಿಕೆಯ ಮುಖಪುಟದಲ್ಲಿ ಸೂಪರ್‌ಮ್ಯಾನ್ ಅಳುತ್ತಿದ್ದಾನೆ. ಅವನ ತೋಳುಗಳಲ್ಲಿ ಚಿಕ್ಕಪ್ಪನ ಮಗಳು ಸೂಪರ್‌ಗರ್ಲ್‌ಳ ಶವ. ಹಿಂದೆ ಅವನ ಜೊತೆಗಾರರ ಗುಂಪು. 1959ರಿಂದ ಓದುಗರ ಜೊತೆಗಿದ್ದ ಹುಡುಗಿ ಅವಳು. ಗಾಯಗೊಂಡ ಅಣ್ಣನನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟಿದ್ದಳು.

ಮರುವರ್ಷ, ಅಂದರೆ 1986ರಲ್ಲಿ, ಅದೇ ಡಿ.ಸಿ. ಕಾಮಿಕ್ಸ್ ಸಂಸ್ಥೆ ಸೂಪರ್‌ಮ್ಯಾನ್‌ನ ಕಥೆಯನ್ನು ಜಾನ್ ಬರ್ನ್ ಅವರಿಂದ ಮೊದಲಿನಿಂದ ಬರೆಸಿತು. ಕ್ರಿಪ್ಟಾನ್ ಗ್ರಹ ಸಿಡಿದಾಗ ಬದುಕಿ ಉಳಿದವನು ಸೂಪರ್‌ಮ್ಯಾನ್ ಒಬ್ಬನೇ ಎಂದು ಹೊಸ ಕಥೆ ಹೇಳಿತು. ಹಾಗಿದ್ದರೆ ಚಿಕ್ಕಪ್ಪನ ಮಗಳು ಹುಟ್ಟಿಯೇ ಇರಲಿಲ್ಲ. ಹುಟ್ಟದವಳು ಸತ್ತದ್ದು ಹೇಗೆ? ಅವಳು ಉಳಿಸಿದ್ದು ಯಾರನ್ನು? ಆ ಮುಖಪುಟದಲ್ಲಿ ಸೂಪರ್‌ಮ್ಯಾನ್ ಎತ್ತಿಕೊಂಡಿದ್ದ ಶವ ಯಾರದು?

ಮೇಲುನೋಟಕ್ಕೆ ಇದು ಮಕ್ಕಳ ತಂಟೆಯಂತೆ ಕಾಣುವ ಪ್ರಶ್ನೆ. ಆದರೆ ಅಮೆರಿಕದ ಕಾಮಿಕ್ಸ್ ಅಭಿಮಾನಿಗಳು ನಾಲ್ಕು ದಶಕಗಳಿಂದ ಇದನ್ನು ಬಿಟ್ಟಿಲ್ಲ. ಅವರ ಹಟ ಅರ್ಥವಾಗಬೇಕಾದರೆ, ಸೂಪರ್‌ಗರ್ಲ್ ಸತ್ತ ಕಥಾಸರಣಿ ಏಕೆ ಹುಟ್ಟಿತು ಎಂಬುದನ್ನು ತಿಳಿಯಬೇಕು. ಅದರ ಹೆಸರು ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’. ಕನ್ನಡದಲ್ಲಿ ಹೇಳುವುದಾದರೆ, ಅನಂತ ಭೂಮಿಗಳ ಮೇಲೆ ಬಂದ ವಿಪತ್ತು.

ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. 1940ರಲ್ಲಿ ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೆಯ ಸಂಚಿಕೆ ಬೇರೆ ಬೇರೆ ಕಥೆಗಳ ನಾಯಕರನ್ನು ಒಂದೇ ಮೇಜಿನ ಸುತ್ತ ಕೂರಿಸಿ ‘ಜಸ್ಟಿಸ್ ಸೊಸೈಟಿ’ ಎಂಬ ತಂಡ ಕಟ್ಟಿತು. ಒಬ್ಬನ ಕಥೆಗೆ ಇನ್ನೊಬ್ಬ ಕಾಲಿಡುವ ಈ ಬಗೆಯನ್ನೇ ಕಾಮಿಕ್ಸ್ ಲೋಕ ‘ಕ್ರಾಸೋವರ್’ ಎನ್ನುತ್ತದೆ. ಒಂದು ಪುಸ್ತಕದ ಓದುಗ ಇನ್ನೊಂದನ್ನೂ ಕೊಳ್ಳಲಿ ಎಂಬ ವ್ಯಾಪಾರದ ಲೆಕ್ಕಾಚಾರ ಅದರ ಹಿಂದಿತ್ತು. ಇವರೆಲ್ಲ ಒಂದೇ ಲೋಕದಲ್ಲಿ ಬದುಕಿದ್ದಾರೆ ಎಂಬ ಭಾವನೆ ಓದುಗರಲ್ಲಿ ಬೇರೂರಿದ್ದು ಆ ವ್ಯಾಪಾರದ ಜೊತೆಗೇ ಬಂದ ಫಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಾಹಸಿಗಳ ಮಾರುಕಟ್ಟೆ ಕುಸಿಯಿತು. 1951ರ ಹೊತ್ತಿಗೆ ಜಸ್ಟಿಸ್ ಸೊಸೈಟಿಯೂ ಕಣ್ಮರೆಯಾಯಿತು. ಐದು ವರ್ಷ ಕಳೆದು, 1956ರಲ್ಲಿ, ಜೂಲಿಯಸ್ ಶ್ವಾರ್ಟ್ಸ್ ಎಂಬ ಸಂಪಾದಕರು ಮಿಂಚಿನ ವೇಗದ ‘ಫ್ಲ್ಯಾಶ್’ನನ್ನು ಮತ್ತೆ ತಂದರು. ಹೆಸರು ಹಳೆಯದು, ಆಳು ಹೊಸಬ. ಹಳೆಯ ಫ್ಲ್ಯಾಶ್ ಜೇ ಗ್ಯಾರಿಕ್. ಹೊಸಬ ಬ್ಯಾರಿ ಅಲೆನ್. ಮೊದಲ ಕಥೆಯಲ್ಲೇ ಬ್ಯಾರಿ ಜೇ ಗ್ಯಾರಿಕ್‌ನ ಹಳೆಯ ಕಾಮಿಕ್ಸ್ ಓದುತ್ತಾನೆ, ಆ ಹೆಸರನ್ನೇ ತಾನೂ ಇಟ್ಟುಕೊಳ್ಳುತ್ತಾನೆ. ಅಂದರೆ ಹೊಸಬನ ಲೋಕದಲ್ಲಿ ಹಳಬ ಬರಿಯ ಕಾಲ್ಪನಿಕ ಪಾತ್ರ.

ತಾವೇ ಕಟ್ಟಿದ ಈ ಗಂಟನ್ನು 1961ರಲ್ಲಿ ಶ್ವಾರ್ಟ್ಸ್ ಮತ್ತು ಲೇಖಕ ಗಾರ್ಡ್‌ನರ್ ಫಾಕ್ಸ್ ಬಿಚ್ಚಿದರು. ‘ಫ್ಲ್ಯಾಶ್’ನ 123ನೆಯ ಸಂಚಿಕೆಯಲ್ಲಿ ಹೊಸಬ ಹಳಬನನ್ನು ಮುಖಾಮುಖಿ ಭೇಟಿಯಾಗುತ್ತಾನೆ. ಒಂದೇ ಜಾಗದಲ್ಲಿ ಎರಡು ಭೂಮಿಗಳಿವೆ. ಎರಡೂ ಬೇರೆ ಬೇರೆ ಲಯದಲ್ಲಿ ಕಂಪಿಸುವುದರಿಂದ ಒಂದಕ್ಕೊಂದು ತಾಕುವುದಿಲ್ಲ ಎಂಬುದು ವಿವರಣೆ. ಹಾಗಾದರೆ ಆ ಭೂಮಿಯ ಮನುಷ್ಯ ಈ ಭೂಮಿಯ ಪುಸ್ತಕದಲ್ಲಿ ಬಂದದ್ದು ಹೇಗೆ? ಬರೆದ ಗಾರ್ಡ್‌ನರ್ ಫಾಕ್ಸ್‌ಗೆ ಅಲ್ಲಿನ ಘಟನೆಗಳು ಕನಸಿನಲ್ಲಿ ಕಾಣಿಸಿದ್ದವಂತೆ! ಲೇಖಕ ತನ್ನನ್ನೇ ಕಥೆಯೊಳಗೆ ಸೇರಿಸಿಕೊಂಡು ಲೆಕ್ಕ ಸರಿಹೊಂದಿಸಿದ್ದ.

1963ರಿಂದ ಎರಡು ಭೂಮಿಗಳ ತಂಡಗಳು ವರ್ಷಕ್ಕೊಮ್ಮೆ ಕೂಡತೊಡಗಿದವು. ಹೊಸಬರ ಲೋಕಕ್ಕೆ ‘ಭೂಮಿ ಒಂದು’, ಹಳಬರ ಲೋಕಕ್ಕೆ ‘ಭೂಮಿ ಎರಡು’ ಎಂದು ಹೆಸರಿಟ್ಟರು. ಮೊದಲು ಹುಟ್ಟಿದವರಿಗೆ ಎರಡನೆಯ ನಂಬರು ಏಕೆ ಎಂದು ಅಭಿಮಾನಿಗಳು ಆಕ್ಷೇಪಿಸಿದರು. ಮರುವರ್ಷ ‘ಭೂಮಿ ಮೂರು’ ಬಂತು. ಅಲ್ಲಿ ಅಪಾರ ಶಕ್ತಿಯುಳ್ಳವರೆಲ್ಲ ದುಷ್ಟರು. ಅಲ್ಲಿನ ಕೊಲಂಬಸ್ ಅಮೆರಿಕದಿಂದ ಹೊರಟು ಯೂರೋಪನ್ನು ಕಂಡುಹಿಡಿದವನು. 1968ರಲ್ಲಿ ಫ್ಲ್ಯಾಶ್ ಓದುಗರ ಭೂಮಿಗೇ ಬಂದಿಳಿದು ಶ್ವಾರ್ಟ್ಸ್‌ರ ನೆರವು ಕೇಳಿದ. ಹೀಗೆ ಭೂಮಿಗಳು ಬೆಳೆಯುತ್ತಲೇ ಹೋದವು.

ಕಥೆ ಹೇಳಲು ಇಷ್ಟೊಂದು ಭೂಮಿಗಳು ಬೇಕೆ ಎಂದು ಕನ್ನಡ ಓದುಗರಿಗೆ ಅನ್ನಿಸಬಹುದು. ಪಂಪನ ಕಾವ್ಯದಲ್ಲಿ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ, ಕುಮಾರವ್ಯಾಸನಲ್ಲಿ ಐವರು. ಎರಡನ್ನೂ ಓದುವ ನಾವು ಇವು ಎರಡು ಬೇರೆ ಹಸ್ತಿನಾಪುರಗಳೆಂದು ಎಣಿಸುವುದಿಲ್ಲ. ಕವಿ ಬೇರೆ, ಕಾವ್ಯ ಬೇರೆ ಎಂದುಕೊಂಡು ಮುಂದೆ ಹೋಗುತ್ತೇವೆ. ಅಮೆರಿಕದ ಕಾಮಿಕ್ಸ್‌ನ ಸ್ಥಿತಿ ಬೇರೆ. ಅಲ್ಲಿ ಪಾತ್ರದ ಒಡೆತನ ಕಂಪನಿಯದು. ಬರೆಯುವವರು ಬದಲಾದರೂ ಕಥೆ ಮುಂದಿನ ತಿಂಗಳಿಗೆ ಎಡೆಬಿಡದೆ ಹರಿಯಬೇಕು. ನೂರಾರು ಕೈಗಳು ಬರೆದದ್ದೆಲ್ಲ ಒಂದೇ ಚರಿತ್ರೆ ಎಂಬ ನಂಬಿಕೆಯ ಮೇಲೆ ಪುಸ್ತಕ ಮಾರಾಟವಾಗುತ್ತದೆ. ಹಿಂದಿನ ಕಥೆಗೂ ಇಂದಿನದಕ್ಕೂ ಇರಬೇಕಾದ ಈ ತಾಳೆಯನ್ನು ಅಭಿಮಾನಿಗಳು ‘ಕಂಟಿನ್ಯುಯಿಟಿ’ ಎಂದು ಕರೆದರು. ಅದರ ಕಾವಲಿಗೂ ತಾವೇ ನಿಂತರು.

ಆ ಕಾವಲು ಪಡೆ ಕಟ್ಟಿದ್ದರಲ್ಲಿ ಶ್ವಾರ್ಟ್ಸ್‌ರ ಪಾಲು ದೊಡ್ಡದು. ಹುಡುಗನಾಗಿದ್ದಾಗ ಅವರೂ ವೈಜ್ಞಾನಿಕ ಕಥೆಗಳ ಅಭಿಮಾನಿ. 1932ರಲ್ಲಿ ಗೆಳೆಯರೊಂದಿಗೆ ‘ದಿ ಟೈಮ್ ಟ್ರಾವೆಲರ್’ ಎಂಬ ಅಭಿಮಾನಿ ಪತ್ರಿಕೆ ಹೊರಡಿಸಿದ್ದರು. ವಿಜ್ಞಾನಕಥಾ ಪತ್ರಿಕೆಗಳು ಪತ್ರ ಬರೆದ ಓದುಗರ ವಿಳಾಸವನ್ನೂ ಅಚ್ಚು ಹಾಕುತ್ತಿದ್ದುದರಿಂದ ಅವರು ಪರಸ್ಪರ ಪರಿಚಯ ಮಾಡಿಕೊಳ್ಳುತ್ತಿದ್ದರು. 1960ರ ದಶಕದ ಆರಂಭದಲ್ಲಿ ಶ್ವಾರ್ಟ್ಸ್ ತಮ್ಮ ಕಾಮಿಕ್ಸ್‌ನ ಓದುಗರ ಪತ್ರಗಳ ಪುಟದಲ್ಲಿ ಅದೇ ಪದ್ಧತಿ ತಂದರು. ಊರಿಗೊಬ್ಬರಂತೆ ಒಂಟಿಯಾಗಿ ಓದುತ್ತಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆಂದು ಗೊತ್ತಾಯಿತು. 1961ರಲ್ಲಿ ಪ್ರಾಧ್ಯಾಪಕ ಜೆರ್ರಿ ಬೇಲ್ಸ್ ಮತ್ತು ತರುಣ ರಾಯ್ ಥಾಮಸ್ ಸೇರಿ ‘ಆಲ್ಟರ್ ಈಗೊ’ ಎಂಬ ಪತ್ರಿಕೆ ಆರಂಭಿಸಿದರು. ಹಳೆಯ ಜಸ್ಟಿಸ್ ಸೊಸೈಟಿಯ ಮೇಲಿನ ಪ್ರೀತಿಯೇ ಅವರಿಬ್ಬರನ್ನು ಹತ್ತಿರ ತಂದಿತ್ತು.

ಪ್ರತಿಸ್ಪರ್ಧಿ ಮಾರ್ವೆಲ್ ಸಂಸ್ಥೆಯಲ್ಲಿ ಸಂಪಾದಕ ಸ್ಟ್ಯಾನ್ ಲೀ ಇನ್ನೊಂದು ದಾರಿ ಹಿಡಿದರು. ಅಲ್ಲಿ ಎಲ್ಲ ನಾಯಕರಿಗೂ ಇದ್ದದ್ದು ಒಂದೇ ನ್ಯೂಯಾರ್ಕ್. ತಪ್ಪುಗಳು ಅಲ್ಲಿಯೂ ಆಗುತ್ತಿದ್ದವು. 1963ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಸ್ವಂತ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಪೀಟರ್ ಪಾರ್ಕರ್ ‘ಪೀಟರ್ ಪಾಮರ್’ ಆಗಿದ್ದ. ಮರುವರ್ಷ ಬ್ರೂಸ್ ಬ್ಯಾನರ್‌ನನ್ನು ಲೀ ‘ಬಾಬ್ ಬ್ಯಾನರ್’ ಎಂದು ಬರೆದುಬಿಟ್ಟರು. ಓದುಗರು ತಕರಾರೆತ್ತಿದಾಗ ಅವನ ಪೂರ್ಣ ಹೆಸರು ‘ರಾಬರ್ಟ್ ಬ್ರೂಸ್ ಬ್ಯಾನರ್’ ಎಂದು ಜಾರಿಕೊಂಡರು. ತಪ್ಪು ಹುಡುಕಿ, ಅದು ತಪ್ಪಲ್ಲವೆಂದು ಸಮರ್ಥಿಸುವ ಓದುಗರಿಗೆ ‘ನೋ-ಪ್ರೈಜ್’ ಎಂಬ ಬಹುಮಾನವೂ ಹುಟ್ಟಿತು. ಗೆದ್ದವರ ಮನೆಗೆ ಬರುತ್ತಿದ್ದದ್ದು ಖಾಲಿ ಲಕೋಟೆ. ಆ ಲಕೋಟೆಯನ್ನೂ ಹುಡುಗರು ಜೋಪಾನವಾಗಿ ಇಟ್ಟುಕೊಂಡರು.

1980ರ ದಶಕದ ಹೊತ್ತಿಗೆ ಡಿ.ಸಿ. ಸಂಸ್ಥೆಗೆ ತನ್ನ ಭೂಮಿಗಳೇ ಭಾರವೆನಿಸಿದವು. ಮಾರಾಟದಲ್ಲಿ ಮಾರ್ವೆಲ್ ಮುಂದಿತ್ತು. ಹೊಸದಾಗಿ ಓದಲು ಬಂದವನಿಗೆ ಯಾವ ಸೂಪರ್‌ಮ್ಯಾನ್ ಯಾವ ಭೂಮಿಯವನು ಎಂದು ವಿವರಿಸುವುದೇ ಕಷ್ಟ ಎಂಬುದು ಸಂಪಾದಕರ ದೂರು. ಲೇಖಕ ಮಾರ್ವ್ ವುಲ್ಫ್‌ಮನ್‌ಗೆ ಇದನ್ನೆಲ್ಲ ಸರಿಪಡಿಸಬೇಕೆನ್ನಿಸಿದ್ದು ‘ಗ್ರೀನ್ ಲ್ಯಾಂಟರ್ನ್’ ಪತ್ರಿಕೆಗೆ ಬಂದ ಒಬ್ಬ ಓದುಗನ ಕಾಗದದಿಂದ. ಹಿಂದೊಮ್ಮೆ ಗ್ರೀನ್ ಲ್ಯಾಂಟರ್ನ್‌ನನ್ನು ಕಂಡಿದ್ದ ಪಾತ್ರವೊಂದು ಈಗ ಅವನ ಗುರುತೇ ಇಲ್ಲದಂತೆ ವರ್ತಿಸಿದ್ದೇಕೆ ಎಂದು ಆತ ಕೇಳಿದ್ದ. ಪೀಟರ್ ಸ್ಯಾಂಡರ್‌ಸನ್ ಎಂಬ ಸಂಶೋಧಕರನ್ನು ಸಂಸ್ಥೆಯ ಗ್ರಂಥಾಲಯದಲ್ಲಿ ಕೂರಿಸಿ ಹಳೆಯ ಸಂಚಿಕೆಗಳನ್ನೆಲ್ಲ ಓದಿಸಲಾಯಿತು. ಸಂಸ್ಥೆಯ 50ನೆಯ ವರ್ಷವಾದ 1985ರಲ್ಲಿ ಹನ್ನೆರಡು ಸಂಚಿಕೆಗಳ ಸರಣಿ ಶುರುವಾಯಿತು. ಚಿತ್ರಗಳು ಜಾರ್ಜ್ ಪೆರೆಜ್ ಅವರವು. ಒಂದೇ ಪುಟದಲ್ಲಿ ಹತ್ತಾರು ಪಾತ್ರಗಳನ್ನು ಪ್ರತಿಯೊಬ್ಬರ ಮುಖ ಗುರುತು ಸಿಗುವಂತೆ ಬರೆಯಬಲ್ಲವರು ಅವರು.

ಕಥೆ ಸ್ಥೂಲವಾಗಿ ಹೀಗಿದೆ: ಪ್ರತಿದ್ರವ್ಯದ ಬಿಳಿ ಗೋಡೆಯೊಂದು ವಿಶ್ವಗಳನ್ನು ಒಂದೊಂದಾಗಿ ಅಳಿಸುತ್ತ ಬರುತ್ತದೆ. ಅದರ ಹಿಂದಿರುವವನು ಆಂಟಿ-ಮಾನಿಟರ್. ಅವನನ್ನು ತಡೆಯಲು ಉಳಿದ ಭೂಮಿಗಳ ಸಾಹಸಿಗಳೆಲ್ಲ ಒಂದಾಗುತ್ತಾರೆ. ಏಳನೆಯ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಸಾಯುತ್ತಾಳೆ. ಎಂಟನೆಯದರಲ್ಲಿ ಬ್ಯಾರಿ ಅಲೆನ್. ಎರಡು ಭೂಮಿಗಳ ನಡುವೆ ಮೊದಲ ದಾರಿ ತೆರೆದವನೇ ಆ ದಾರಿ ಮುಚ್ಚುವ ಕಾಲಕ್ಕೆ ಹೋದ. ನಿರ್ಣಾಯಕ ಯುದ್ಧವೊಂದು ಕಾಲದ ಆದಿಯಲ್ಲೇ ನಡೆಯುತ್ತದೆ. ಅಲ್ಲಿಂದ ಮರಳಿದಾಗ ಇರುವುದು ಒಂದೇ ವಿಶ್ವ, ಒಂದೇ ಭೂಮಿ. ಅದು ಮೊದಲಿನಿಂದಲೂ ಒಂದೇ ಆಗಿತ್ತು ಎಂಬುದೇ ಈಗಿನ ಚರಿತ್ರೆ.

ವಾದ ಹುಟ್ಟುವುದು ಇಲ್ಲಿಯೇ. ಆದಿಯಿಂದಲೇ ಒಂದು ಭೂಮಿ ಇದ್ದಿದ್ದರೆ, ಭೂಮಿಗಳನ್ನು ಉಳಿಸುವ ಯುದ್ಧ ನಡೆದದ್ದಾದರೂ ಎಲ್ಲಿ? ಯುದ್ಧ ನಡೆದದ್ದಕ್ಕೆ ಒಂದು ಭೂಮಿ ಉಳಿಯಿತು; ಒಂದೇ ಭೂಮಿ ಇದ್ದುದರಿಂದ ಯುದ್ಧಕ್ಕೆ ಕಾರಣವೇ ಇಲ್ಲ. ಎಲ್ಲ ಪತ್ರಿಕೆಗಳನ್ನೂ ಒಂದನೆಯ ಸಂಚಿಕೆಯಿಂದ ಮತ್ತೆ ಆರಂಭಿಸಬೇಕು, ನಡೆದದ್ದು ಯಾರಿಗೂ ನೆನಪಿರಬಾರದು ಎಂಬುದು ವುಲ್ಫ್‌ಮನ್‌ರ ಇಚ್ಛೆಯಾಗಿತ್ತು. ಸಂಸ್ಥೆ ಅಷ್ಟಕ್ಕೆ ಒಪ್ಪಲಿಲ್ಲ. ಕೆಲವು ನಾಯಕರು ಹೊಸದಾಗಿ ಹುಟ್ಟಿದರು, ಕೆಲವರು ಹಳೆಯ ನೆನಪಿನೊಂದಿಗೇ ಮುಂದುವರಿದರು. ಹೊಲಿಗೆ ಬಿಟ್ಟುಕೊಂಡಿತು.

ಬಾಲ್ಯದಲ್ಲಿ ಸೂಪರ್‌ಮ್ಯಾನ್ ‘ಸೂಪರ್‌ಬಾಯ್’ ಆಗಿರಲೇ ಇಲ್ಲ ಎಂದು ಹೊಸ ಕಥೆ ಹೇಳಿತು. ಆದರೆ 30ನೆಯ ಶತಮಾನದ ‘ಲೀಜನ್’ ತಂಡಕ್ಕೆ ಸ್ಫೂರ್ತಿಯೇ ಸೂಪರ್‌ಬಾಯ್. ಅವನಿಲ್ಲದೆ ತಂಡ ಹುಟ್ಟಿದ್ದು ಹೇಗೆ? ಖಳನೊಬ್ಬ ಸೃಷ್ಟಿಸಿದ್ದ ಪುಟ್ಟ ವಿಶ್ವವೊಂದರಲ್ಲಿ ಆ ಹುಡುಗ ಇದ್ದನೆಂದು 1987ರಲ್ಲಿ ತೇಪೆ ಹಾಕಲಾಯಿತು. ಭೂಮಿ ಎರಡರ ಸೂಪರ್‌ಮ್ಯಾನ್‌ನ ಬಂಧುವಾಗಿದ್ದ ಪವರ್ ಗರ್ಲ್‌ಗೆ ಅಟ್ಲಾಂಟಿಸ್ ದ್ವೀಪದ ವಂಶವೃಕ್ಷ ಹುಡುಕಿಕೊಟ್ಟರು. ಹಾಕ್‌ಮ್ಯಾನ್‌ನ ವಿಷಯದಲ್ಲಂತೂ ಒಂದು ವಿವರಣೆ ಇನ್ನೊಂದನ್ನು ಸುಳ್ಳು ಮಾಡುತ್ತ ಹೋಯಿತು. ಗೊಂದಲ ತೊಳೆಯಲೆಂದು 1994ರಲ್ಲಿ ‘ಝೀರೋ ಅವರ್’ ಎಂಬ ಇನ್ನೊಂದು ಸರಣಿ ಬಂತು. ಅದರ ಸಂಚಿಕೆಗಳ ಸಂಖ್ಯೆ ನಾಲ್ಕರಿಂದ ಸೊನ್ನೆಗೆ ಇಳಿಯುತ್ತಿತ್ತು. ಗೊಂದಲ ಹಾಗೆಯೇ ಉಳಿಯಿತು.

ಈ ಮರುಬರಹದಲ್ಲಿ ನೋವುಂಡವರಲ್ಲಿ ರಾಯ್ ಥಾಮಸ್ ಒಬ್ಬರು. ಅಭಿಮಾನಿಯಾಗಿದ್ದವರು 1965ರಲ್ಲಿ ವೃತ್ತಿಗೆ ಬಂದು, 1972ರಲ್ಲಿ ಮಾರ್ವೆಲ್‌ನ ಪ್ರಧಾನ ಸಂಪಾದಕರಾದರು. ಆಮೇಲೆ ಡಿ.ಸಿ.ಗೆ ಬಂದು 1981ರಿಂದ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಬರೆಯತೊಡಗಿದರು. ಅದು ಯುದ್ಧಕಾಲದ ಭೂಮಿ ಎರಡರ ಕಥೆ. ಬಾಲ್ಯದಲ್ಲಿ ಪ್ರೀತಿಸಿದ ಲೋಕವನ್ನು ಸ್ವಂತ ಕೈಯಿಂದ ಕಟ್ಟುವ ಅವಕಾಶ ಅವರಿಗೆ ಸಿಕ್ಕಿತ್ತು. ಕ್ರೈಸಿಸ್ ಆ ಭೂಮಿಯನ್ನೇ ತೆಗೆದುಹಾಕಿತು. ಅದರ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಈಗ ಇರಲಿಲ್ಲ; ಅವರ ಜಾಗಕ್ಕೆ ಬೇರೆ ಹೆಸರುಗಳನ್ನು ಹುಡುಕಿ ಥಾಮಸ್ 1987ರಲ್ಲಿ ಕಥೆ ಮುಂದುವರಿಸಬೇಕಾಯಿತು.

ವುಲ್ಫ್‌ಮನ್ ಮತ್ತು ಪೆರೆಜ್ ಈ ನೋವನ್ನು ಕಾಣದವರೇನೂ ಅಲ್ಲ. ಹನ್ನೊಂದನೆಯ ಸಂಚಿಕೆಯಲ್ಲಿ ಭೂಮಿ ಎರಡರ ಮುದಿ ಸೂಪರ್‌ಮ್ಯಾನ್ ಹೊಸ ಲೋಕದಲ್ಲಿ ಕಣ್ಣು ತೆರೆಯುತ್ತಾನೆ. ಅವನ ಗುರುತು ಯಾರಿಗೂ ಇಲ್ಲ. ಮನೆಯಿಲ್ಲ, ಹೆಂಡತಿಯಿಲ್ಲ. ತನ್ನ ಭೂಮಿಯಿದ್ದ ಕಡೆ ಹೋಗಿ ನೋಡಿದರೆ ಬರೀ ಶೂನ್ಯ. ತಾರ್ಕಿಕವಾಗಿ ಅವನು ಇರಲೇಬಾರದು. ಆದರೂ ಇದ್ದಾನೆ, ನೆನಪಿಟ್ಟುಕೊಂಡಿದ್ದಾನೆ. 1938ರಿಂದ ಓದುತ್ತ ಬಂದ ಓದುಗರ ಸ್ಥಿತಿಯೂ ಅದೇ ಆಗಿತ್ತು. ಅವರು ಕಾಸು ಕೊಟ್ಟು ಕೊಂಡ, ಕಪಾಟಿನಲ್ಲಿ ಕಣ್ಣೆದುರೇ ಇರುವ ಕಥೆಗಳು ನಡೆದೇ ಇರಲಿಲ್ಲ ಎಂದು ಪ್ರಕಾಶಕರು ಘೋಷಿಸಿದ್ದರು. ಪ್ರಕಾಶಕರ ಹಕ್ಕು ಕಾನೂನಿನ ಪ್ರಕಾರ ಸರಿಯೇ. ಆದರೆ ಓದಿದ್ದನ್ನು ಓದಿಲ್ಲವೆನ್ನಲು ಓದುಗನಿಂದ ಆಗುವುದಿಲ್ಲ. ಅಭಿಮಾನಿಗಳ ಕಥಾತರ್ಕದ ಜಗಳದ ಒಳಗಿದ್ದದ್ದು ಈ ಸಂಕಟ.

ಮುಂದೆ ಅಳಿಸಿದ್ದನ್ನೆಲ್ಲ ಸಂಸ್ಥೆಯೇ ಒಂದೊಂದಾಗಿ ವಾಪಸು ತಂದಿತು. ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳಾದ ಸೂಪರ್‌ಗರ್ಲ್ 2004ರಲ್ಲಿ ಮರಳಿದಳು, ಬ್ಯಾರಿ ಅಲೆನ್ 2008ರಲ್ಲಿ. 2005-06ರ ‘ಇನ್‌ಫಿನಿಟ್ ಕ್ರೈಸಿಸ್’ನ ಬೆನ್ನಿಗೇ 52 ಭೂಮಿಗಳು ಹುಟ್ಟಿದವು. 2011ರಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೊಸದಾಗಿ ಆರಂಭಿಸಲಾಯಿತು. 2019ರ ಡಿಸೆಂಬರ್ ಮತ್ತು 2020ರ ಜನವರಿಯಲ್ಲಿ ಮೂಲ ಕಥೆಯೇ ಅಮೆರಿಕದ ಟೆಲಿವಿಷನ್‌ನಲ್ಲಿ ಐದು ಭಾಗಗಳಾಗಿ ಬಂತು. ಆ ಪುಟಗಳನ್ನು ಬರೆದ ಪೆರೆಜ್ 2022ರಲ್ಲಿ ತೀರಿಕೊಂಡರು.

ಇನ್ನು ಮೊದಲ ಪ್ರಶ್ನೆ: ಸೂಪರ್‌ಗರ್ಲ್‌ಗಾಗಿ ಅತ್ತವರು ಯಾರು? ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಯಾವ ಮಹಾಸರಣಿಯಿಂದಲೂ ಅಲ್ಲ. 1989ರ ಕ್ರಿಸ್‌ಮಸ್ ವಿಶೇಷ ಸಂಚಿಕೆಯ ಒಂದು ಸಣ್ಣ ಕಥೆಯಿಂದ. ಬರೆದವರು ಅಲನ್ ಬ್ರೆನರ್ಟ್. ಡೆಡ್‌ಮ್ಯಾನ್ ಎಂಬ ಪ್ರೇತಾತ್ಮ ಅದರ ನಾಯಕ. ತಾನು ಎಷ್ಟು ಜನರಿಗೆ ನೆರವಾದರೂ ಕಣ್ಣಿಗೆ ಕಾಣದ ತನ್ನನ್ನು ಯಾರೂ ನೆನೆಯುವುದಿಲ್ಲ ಎಂದು ಅವನು ಹಬ್ಬದ ರಾತ್ರಿ ಕೊರಗುತ್ತಾನೆ. ಹೊಂಗೂದಲ ಹುಡುಗಿಯೊಬ್ಬಳು ಅವನ ಬಳಿ ಬರುತ್ತಾಳೆ. ಅವಳಿಗೆ ಮಾತ್ರ ಅವನು ಕಾಣುತ್ತಾನೆ. ಒಳ್ಳೆಯದನ್ನು ಮಾಡುವುದು ಮಾಡಬೇಕಾದದ್ದಕ್ಕಾಗಿ, ಹೊಗಳಿಕೆಗಾಗಿ ಅಲ್ಲ ಎಂದು ತಿಳಿಹೇಳುತ್ತಾಳೆ. ಹೊರಡುವಾಗ ಅವನು ಹೆಸರು ಕೇಳುತ್ತಾನೆ. ‘ಕಾರಾ’ ಎನ್ನುತ್ತಾಳೆ, ಆ ಹೆಸರಿನಿಂದ ಅವನಿಗೆ ಏನೂ ತಿಳಿಯಲಾರದು ಎಂಬುದೂ ಅವಳಿಗೆ ಗೊತ್ತು.

ಕಾರಾ ಎಂಬುದು ಸೂಪರ್‌ಗರ್ಲ್‌ಳ ಕ್ರಿಪ್ಟಾನ್ ಹೆಸರು. ಆ ಲೋಕದಲ್ಲಿ ಅದರ ಅರ್ಥ ಬಲ್ಲವರು ಒಬ್ಬರೂ ಇರಲಿಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು ಕೂತವರಿಗೆ ಮಾತ್ರ ಅದು ಗೊತ್ತಿತ್ತು.