ಶುಗರ್ ಇದ್ದವರಿಗೆ ಸಕ್ಕರೆ ಕೊಡಲೇಬಾರದೇ? ಸೆಕೆಯ ಬೆವರು ಎಂದು ಸುಮ್ಮನಿರುವ ಮೊದಲು ಇದನ್ನು ಓದಿ

"ಶುಗರ್ ಇದ್ದವರಿಗೆ ಯಾವ ಕಾರಣಕ್ಕೂ ಸಕ್ಕರೆ ಕೊಡಬಾರದು" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ದಿನನಿತ್ಯದ ಊಟ-ತಿಂಡಿಗೆ ಈ ಎಚ್ಚರ ಸರಿ. ಆದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಜೀವ ಉಳಿಸುವುದು ಅದೇ ಸಕ್ಕರೆ.

ಲೋ ಶುಗರ್ ಎಂದರೇನು?

ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಅದು ಲೋ ಶುಗರ್. 54ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಅಪರೂಪ.

ಯಾವಾಗ ಆಗುತ್ತದೆ?

ಮಾತ್ರೆ ನುಂಗಿ ತಿಂಡಿ ತಡವಾದಾಗ, ಏಕಾದಶಿ ಅಥವಾ ರಂಜಾನ್ ಉಪವಾಸದಲ್ಲಿ, ಎಂದಿಗಿಂತ ಹೆಚ್ಚು ದುಡಿದಾಗ. ಕಾರ್ಕಳದಿಂದ ಬೆಳಿಗ್ಗೆ ಬಸ್ ಹತ್ತಿ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆಂದು ಮಣಿಪಾಲಕ್ಕೆ ಹೊರಟವರು ಅಭ್ಯಾಸಬಲದಿಂದ ಮಾತ್ರೆ ನುಂಗಿದರೂ ಸಾಕು.

ಗುರುತಿಸುವುದು ಹೇಗೆ?

ಬೆವರು, ಕೈನಡುಕ, ಜೋರಾದ ಎದೆಬಡಿತ, ಹಠಾತ್ ಹಸಿವು ಮೊದಲ ಸೂಚನೆಗಳು. ನಂತರ ಮೆದುಳಿಗೆ ಸಕ್ಕರೆ ಸಾಲದೆ ಸಿಟ್ಟು, ಗೊಂದಲ, ತೊದಲು ಮಾತು ಶುರುವಾಗುತ್ತದೆ. ನೋಡಿದವರು ಕುಡಿದಿರಬೇಕು ಎಂದುಕೊಳ್ಳುವುದೂ ಉಂಟು.

ಉಡುಪಿ, ಕಾಪುವಿನ ಸೆಕೆಯಲ್ಲಿ ಬೆವರದವರಿಲ್ಲ. ಹಾಗಾಗಿ ಈ ಸೂಚನೆ ಸುಲಭವಾಗಿ ತಪ್ಪಿಹೋಗುತ್ತದೆ. ಫ್ಯಾನಿನ ಕೆಳಗೆ ಕುಳಿತರೂ ತಣ್ಣನೆ ಬೆವರು ಬರುತ್ತಿದ್ದರೆ, ಜೊತೆಗೆ ಕೈ ನಡುಗುತ್ತಿದ್ದರೆ ಶುಗರ್ ನೋಡಿ. ಬಿ.ಪಿ.ಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ. ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಇದ್ದರೂ ವೈದ್ಯರಿಗೆ ತಿಳಿಸಿ.

ತಕ್ಷಣ ಏನು ಮಾಡಬೇಕು?

1. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಮೀಟರ್ ಇಲ್ಲದಿದ್ದರೆ ಕಾಯಬೇಡಿ.
2. 15 ನಿಮಿಷ ಬಿಟ್ಟು ಪರೀಕ್ಷಿಸಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ.
3. ಸರಿಯಾದ ಮೇಲೆ ಗಂಜಿ, ಇಡ್ಲಿ ಏನಾದರೂ ತಿನ್ನಲಿ.
4. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಚಾಕೊಲೇಟ್, ಲಾಡು ಸಾಲದೇ?

ಅವುಗಳಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಳನೀರಿನಲ್ಲಿ ಸಕ್ಕರೆ ಕಡಿಮೆ; ಅದೊಂದನ್ನೇ ನಂಬಬೇಡಿ.

ಹೀಗೆ ಪದೇ ಪದೇ ಆಗುತ್ತಿದ್ದರೆ ನೀವೇ ಮಾತ್ರೆ ನಿಲ್ಲಿಸಬೇಡಿ. ಡೋಸ್ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಉಪವಾಸಕ್ಕೂ ರಕ್ತಪರೀಕ್ಷೆಗೂ ಮೊದಲೇ ಕೇಳಿಟ್ಟುಕೊಳ್ಳಿ.

ಶುಗರ್ ಇದ್ದವರ ಕಿಸೆಯಲ್ಲಿ ಒಂದು ಪೊಟ್ಟಣ ಸಕ್ಕರೆ ಯಾವಾಗಲೂ ಇರಲಿ. ಈ ಮಾಹಿತಿಯನ್ನು ಅವರಿಗಷ್ಟೇ ಅಲ್ಲ, ಅವರ ಮನೆಯವರಿಗೂ ಕಳುಹಿಸಿ. ಗೊಂದಲ ಶುರುವಾದ ಮೇಲೆ ಸಕ್ಕರೆ ಕೊಡಬೇಕಾದವರು ಅವರೇ.